ಅತ್ತೆ ಒರಗಿ ನಿಂತ ಕಲ್ಲು

ಆಗೆಲ್ಲ ಕಾರ್ತಿಕದಲ್ಲಿ ಒಂದು ವಾರ ಗಂಗೊಳ್ಳಿಯ ನಮ್ಮ ಕೇರಿಯಲ್ಲಿ ಯಾರ ಒಲೆಯ ಮೇಲೂ ಮೀನು ಬೇಯುತ್ತಿರಲಿಲ್ಲ. ಮೀನಿನಿಂದಲೇ ಹೊಟ್ಟೆ ಹೊರೆಯುವ ಕೇರಿಗೆ ಇದು ಸಣ್ಣ ಮಾತಲ್ಲ. ದೋಣಿ ಕಡಲಿಗೆ ಹೋಗುತ್ತಿತ್ತು, ಹೆಂಗಸರು ಬುಟ್ಟಿ ಹೊತ್ತು ಮಾರಲು ಹೋಗುತ್ತಿದ್ದರು. ಆದರೆ ತಿರುಗಿ ಬಂದವರು ಬಾವಿಕಟ್ಟೆಯಲ್ಲೇ ತಲೆಗೆ ನೀರು ಹೊಯ್ದುಕೊಂಡು ಒಳಗೆ ಬರಬೇಕು. ಒಳಗೆ ಬಂದರೆ ಗಂಜಿ, ಸೌತೆಕಾಯಿ ಹುಳಿ, ಮಿಡಿ ಉಪ್ಪಿನಕಾಯಿ. ಎರಡು ದಿನ ಕಳೆಯುವುದರೊಳಗೆ ನಾವು ಮಕ್ಕಳು ಹಸಿದ ಬೆಕ್ಕುಗಳ ಹಾಗೆ ಮುಖ ಮಾಡಿಕೊಂಡು ತಿರುಗುತ್ತಿದ್ದೆವು. ವಾರ ಮುಗಿದ ಮೇಲೆ ಇಡೀ ಕೇರಿ ನಾಲಗೆಕಲ್ಲಿನ ಗುಡ್ಡ ಹತ್ತುತ್ತಿತ್ತು. ನೇಮವೆಲ್ಲ ಅದಕ್ಕಾಗಿಯೇ.

ನಿಮ್ಮಲ್ಲೂ ಇಂಥದೊಂದು ಗುಡ್ಡ ಇದ್ದಿರಬಹುದು, ನೀವೂ ಚೀಲದ ತುಂಬ ಅವಲಕ್ಕಿ ಬೆಲ್ಲ ಕಟ್ಟಿಕೊಂಡು ಹತ್ತಿರಬಹುದು. ನಮ್ಮದು ವಂಡ್ಸೆ ದಾಟಿ ಕೊಲ್ಲೂರು ರಸ್ತೆಯಿಂದ ಒಳಗೆ ತಿರುಗಿದರೆ ಸಿಗುತ್ತಿತ್ತು. ಬೇರೆ ಊರಿನವರು ಅದಕ್ಕೆ ಬೇರೆ ಹೆಸರು ಹೇಳುತ್ತಾರೆ. ಬುಡದಿಂದ ಅರ್ಧದವರೆಗೆ ಕೆಂಪು ಮುರಕಲ್ಲು, ಕಾಲಿಗೆ ಅರಿಸಿನ ಕುಂಕುಮ ಹಚ್ಚಿದಂಥ ಧೂಳು. ನೆಲ್ಲಿಕಾಯಿ ಕಿತ್ತು ತಿಂದು, ಒರತೆಯ ನೀರು ಕುಡಿದು, ಬಾಯೆಲ್ಲ ಸಿಹಿಯಾಯಿತೆಂದು ಕುಣಿಯುತ್ತಾ ಮೇಲೆ ಹೋದರೆ ಕೆಂಪು ಒಮ್ಮೆಲೇ ಮುಗಿದು ಕರಿಯ ಬಂಡೆಗಳು ಶುರು. ಬಂಡೆಯ ಮೈಯಲ್ಲಿ ಬಾನಿಯಂಥ ಗುಳಿಗಳು, ಒಳಗೆ ಬೇಸಿಗೆಯಲ್ಲೂ ಆರದ ನೀರು. ತುದಿಯಲ್ಲಿ ಹಂಚಿನ ಮಾಡಿನ ಒಂದು ಸಣ್ಣ ಮಠ, ಅದರಲ್ಲಿ ಕಿವಿ ಅಷ್ಟಾಗಿ ಕೇಳದ ಒಬ್ಬ ಮುದಿ ಸ್ವಾಮಿಗಳು. ಮಠದ ಹಿಂದೆ ಎರಡು ಗುಂಡುಗಳ ಮೇಲೆ ಅಡ್ಡ ಮಲಗಿದ ಉದ್ದನೆಯ ಹಲಗೆಯಂಥ ಕಲ್ಲು. ಅದೇ ನಾಲಗೆಕಲ್ಲು.

ಅದನ್ನು ಬೆಣಚುಕಲ್ಲಿನಿಂದ ಹೊಡೆದರೆ ಗಂಟೆಯ ಹಾಗೆ ನಾದ ಬರುತ್ತಿತ್ತು. ಸುಳ್ಳು ಹೇಳಿ ಜನರನ್ನು ಕಾಡಿಗೆ ಕರೆದು ತಿನ್ನುತ್ತಿದ್ದ ಒಬ್ಬ ಅಸುರನಿದ್ದನಂತೆ. ಮುನಿಯೊಬ್ಬರು ಅವನ ನಾಲಗೆ ಕಿತ್ತು ಕಲ್ಲು ಮಾಡಿ, ಇನ್ನು ಮೇಲೆ ನೀನು ಸತ್ಯಕ್ಕೆ ಮಾತ್ರ ದನಿ ಎತ್ತಬೇಕು ಎಂದು ಶಾಪ ಕೊಟ್ಟರಂತೆ. ಹಾಗಾಗಿ ಆಣೆ ಇಟ್ಟು ಹೊಡೆದವರು ಸತ್ಯವಂತರಾದರೆ ಕಲ್ಲು ಹಾಡುತ್ತದೆ, ಸುಳ್ಳರಾದರೆ ಸತ್ತ ದನಿ ಹೊರಡುತ್ತದೆ. ಕೋರ್ಟು ಕಚೇರಿಗೆ ಹೋಗದೆ ಇದ್ದ ಎಷ್ಟೋ ಜಗಳಗಳು ಅಲ್ಲಿ ಮುಗಿದಿದ್ದವು. ನನ್ನ ಜಗಳ ಅಲ್ಲಿ ಶುರುವಾಯಿತು.

ನಮ್ಮಲ್ಲಿ ಮನೆ ಹೆಣ್ಣುಮಕ್ಕಳದ್ದು. ಅಪ್ಪ ಹುಟ್ಟಿ ಬೆಳೆದ ಮನೆ ಎಂದರೆ ಅಪ್ಪನ ಅಕ್ಕ ಬಾಬಿ ಅತ್ತೆಯ ಮನೆ. ಅಮ್ಮ ಅಲ್ಲಿ ಬಂದು ಸೇರಿದವಳು. ಒಂದೇ ಮಾಡಿನ ಕೆಳಗೆ ಎರಡು ಅಡುಗೆಮನೆ, ನಡುವೆ ಎದೆಯೆತ್ತರದ ಮಣ್ಣಿನ ಗೋಡೆ. ಆದರೆ ಅಪ್ಪನ ದೋಣಿ ದಡಕ್ಕೆ ಬಂದಾಗ ಮೊದಲ ಬುಟ್ಟಿ ಅಮ್ಮನದು. ಅಜ್ಜಿ ಸಾಯುವ ಮುಂಚೆ ಹಾಗೆ ಹೇಳಿ ಹೋಗಿದ್ದಳು. ಹೊಳೆಯುವ ಬಂಗುಡೆ ತುಂಬಿದ ಆ ಬುಟ್ಟಿ ಹೊತ್ತು ಅಮ್ಮ ವಂಡ್ಸೆ ಬಸ್ಸು ಹತ್ತಿದರೆ ಅಲ್ಲಿನ ಮನೆಯವರು ಅಂಗಳಕ್ಕೆ ಬಂದು ಕಾಯುತ್ತಿದ್ದರು. ಅಮ್ಮನ ಗೌರವವೆಲ್ಲ ಆ ಬುಟ್ಟಿಯಲ್ಲಿತ್ತು. ಅತ್ತೆಯ ಕಣ್ಣೂ ಆ ಬುಟ್ಟಿಯ ಮೇಲೇ ಇತ್ತು.

ನಾನು ಐದನೇ ಕ್ಲಾಸಿನಲ್ಲಿದ್ದ ವರ್ಷ, ನೇಮದ ವಾರದಲ್ಲಿ, ಒಂದು ಮಧ್ಯಾಹ್ನ ನಮ್ಮ ಮನೆಯಿಂದ ಒಣ ಚಟ್ಲಿ ಸುಡುವ ವಾಸನೆ ಎದ್ದಿತು. ಚಟ್ಲಿ ಎಂದರೆ ಸಿಗಡಿ. ಅದನ್ನು ಕೆಂಡದ ಮೇಲೆ ಹುರಿದು, ಕಾಯಿತುರಿ, ಒಣಮೆಣಸು, ಹುಣಸೆ ಸೇರಿಸಿ ಅರೆದರೆ ಬರುವ ಪರಿಮಳಕ್ಕೆ ಸತ್ತವನೂ ಎದ್ದು ಗಂಜಿ ಕೇಳಬೇಕು. ನಾನು ಗೋಡೆಯ ಮೇಲಿನಿಂದ ಇಣುಕಿದೆ. ಬಾಬಿ ಅತ್ತೆ ಬಾಗಿಲು ಮುಂದೆ ಮಾಡಿಕೊಂಡು ಅರೆಯುವ ಕಲ್ಲಿನ ಮುಂದೆ ಕೂತಿದ್ದಳು. ನನ್ನನ್ನು ಕಂಡು ಕಣ್ಣು ಕೆಕ್ಕರಿಸಿದಳು. ಅಮ್ಮ ಆ ಹೊತ್ತಿಗೆ ಬಾವಿಕಟ್ಟೆಯಲ್ಲಿ ನನ್ನ ತಮ್ಮ ದಿನೇಶನ ತಲೆ ತಿಕ್ಕುತ್ತಿದ್ದಳು.

ವಾಸನೆಗೆ ಗೋಡೆಯಿಲ್ಲ. ಕೇರಿಗೆ ಕೇರಿಯೇ ಮೂಗೆತ್ತಿತು. ಅದೇ ವಾರ ಅಪ್ಪನ ಬಲೆ ಕಡಲೊಳಗಿನ ಕಲ್ಲಿಗೆ ಸಿಕ್ಕಿ ಹರಿದು ಬಂತು. ಇನ್ನು ಕೇಳಬೇಕೆ? ಗುಡ್ಡ ಹತ್ತಿ, ಪೂಜೆ ಮುಗಿದು, ಎಲ್ಲರೂ ಕಲ್ಲಿನ ಸುತ್ತ ನಿಂತಾಗ ಅತ್ತೆಯೇ ಬಾಯಿ ತೆಗೆದಳು.

"ನಮ್ಮನೆ ವಾಸ್ನೆ ನಿಮ್ಗೆಲ್ಲ ಗೊತ್ತಿತ್ತಲೆ. ನಾನಂತೂ ಅಲ್ಲ. ಇನ್ಯಾರ್ ಅಂದೇಳಿ ನಾ ಹೇಳುದಿಲ್ಲ. ಕಲ್ಲೇ ಹೇಳ್ಲಿ."

"ಅತ್ತೆಯೇ ಅರ್ದದ್ದ್! ನಾ ಕಂಡಿದೆ!" ಎಂದು ನಾನು ಕೂಗಿದೆ.

"ಹ್ವಾಯ್, ಅಬ್ಬಿ ಪರ ಮಕ್ಳ್ ಹೇಳ್ದೆ ಮತ್ಯಾರ್ ಹೇಳ್ತ್ರ್?" ಎಂದು ಅತ್ತೆ ನಕ್ಕಳು. ಅಬ್ಬಿ ಎಂದರೆ ಅಮ್ಮ. ಎಲ್ಲರೂ ನಕ್ಕರು. ಅಪ್ಪ ಮಠದ ಕಡೆಗೆ ಮುಖ ತಿರುಗಿಸಿದ.

ಅಮ್ಮ ಹೆದರಲಿಲ್ಲ. "ನೇಮದಗೆ ನನ್ ಒಲಿ ಮೇಲೆ ಮೀನ್ ಏರ್ಲಿಲ್ಲ" ಎಂದು ಆಣೆ ಇಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಬೆಣಚುಕಲ್ಲು ಎತ್ತಿ ಹೊಡೆದಳು.

ದಡ್ ಎಂದಿತು. ಒದ್ದೆ ಮರದ ಕೊರಡಿಗೆ ಹೊಡೆದ ಹಾಗೆ. ಕಲ್ಲಿನ ಆ ತುದಿಗೆ ಎರಡೂ ಕೈ ಊರಿ, ಸೊಂಟ ಒತ್ತಿ ಒರಗಿ ನಿಂತಿದ್ದ ಬಾಬಿ ಅತ್ತೆ "ಇನ್ನೆಂತ ಬೇಕ್?" ಎಂದಳು.

ಮಠದ ಊಟಕ್ಕೆ ಕುಂಬಳಕಾಯಿ ಹುಳಿ, ಹೆಸರುಬೇಳೆ ಪಾಯಸ. ಅಮ್ಮನ ಪಕ್ಕದ ಎಲೆಗೆ ಯಾರೂ ಕೂರಲಿಲ್ಲ. ನಾನು ಪಾಯಸ ಮುಟ್ಟದೆ ಎದ್ದೆ. ದೊಡ್ಡವರೆಲ್ಲ ಮಠದ ಜಗಲಿಯಲ್ಲಿ ಅಡ್ಡಾದ ಮೇಲೆ ಸಿಟ್ಟು ತಡೆಯಲಾರದೆ ಹೋಗಿ ಆ ಕಲ್ಲಿಗೆ ರಪ್ಪನೆ ಹೊಡೆದೆ. ಠಣ್ ಎಂದು ಹಾಡಿತು. ಮತ್ತೊಂದು ಹೊಡೆದೆ. ಹಾಡಿತು. "ನಾನ್ ಹುಲಿ" ಎಂದು ಹೇಳಿ ಹೊಡೆದೆ. ಆಗಲೂ ಹಾಡಿತು. "ಬಾಬಿ ಅತ್ತೆ ದೇವತೆ" ಎಂದೆ. ಅಸುರನ ನಾಲಗೆಗೆ ನಾಚಿಕೆ ಎಂಬುದೇ ಇರಲಿಲ್ಲ, ಅದಕ್ಕೂ ಹಾಡಿತು. ಅಷ್ಟರಲ್ಲಿ ಹಿಂದೆ ಬಂದ ದಿನೇಶ ಕಲ್ಲಿನ ಆ ತುದಿ ಹತ್ತಿ ಕವುಚಿ ಮಲಗಿದ. ಹೊಡೆದರೆ ದಡ್. ಇಳಿಸಿ ಹೊಡೆದರೆ ಠಣ್. ಹತ್ತಿಸಿದರೆ ಮತ್ತೆ ದಡ್. ಅತ್ತೆ ಒರಗಿ ನಿಂತ ಜಾಗವೇ ಅದು.

ಓಡಿಹೋಗಿ ಅಪ್ಪನನ್ನು ಎಬ್ಬಿಸಿದೆ. "ದೇವ್ರ್ ಕಲ್ಲಿನೊಟ್ಟಿಗೆ ಆಟ ಆಡುದಾ? ಸುಮ್ನಿರ್" ಎಂದು ಮಗ್ಗುಲು ಬದಲಾಯಿಸಿದ. ಅಮ್ಮನ ಹತ್ತಿರ ಹೋದರೆ ಅವಳು ನನ್ನ ಮಾತು ಕಿವಿಗೇ ಹಾಕಿಕೊಳ್ಳಲಿಲ್ಲ. "ಚಟ್ಲಿ ನಾ ಸುಡ್ಲಿಲ್ಲ ಮಗಾ. ಆದ್ರೆ ಮೀನ್ ಮಾರಿ ಬಂದ್ ಸಮಾ ಕೈ ತೊಳಿದೆ ದೀಪ ಮುಟ್ಟಿರ್ಕ್. ಎಂತದೋ ತಪ್ಪ್ ಇರ್ಕ್. ಇಲ್ದಿರೆ ಕಲ್ಲ್ ಹಾಂಗ್ ಎಂತಕೆ ಹೇಳ್ತ್?" ಎಂದು ತನ್ನ ಅಂಗೈ ಮೂಸಿ ನೋಡಿಕೊಂಡಳು.

ಅತ್ತೆ ಬುಟ್ಟಿ ಕಸಿದುಕೊಂಡದ್ದನ್ನಾದರೂ ಮರೆತೇನು. ಅಮ್ಮ ಹಾಗೆ ತನ್ನ ಕೈಯನ್ನು ತಾನೇ ಮೂಸಿದ್ದನ್ನು ಮರೆಯಲಾರೆ.

ಮರುದಿನದಿಂದ ಮೊದಲ ಬುಟ್ಟಿ ಅತ್ತೆಗೆ, ವಂಡ್ಸೆಯ ಅಂಗಳಗಳು ಅತ್ತೆಗೆ. ಅಮ್ಮ ದೋಣಿಯ ನೆರಳಿಗೂ ಹೋಗುವ ಹಾಗಿರಲಿಲ್ಲ. ಬಂದರಿನಲ್ಲಿ ಬೇರೆಯವರ ದೋಣಿಯ ಮೀನು ಏಲಂನಲ್ಲಿ ಕೂಗಿ ಕೊಂಡು, ಕೋಟದ ಬಸ್‌ಸ್ಟ್ಯಾಂಡಿನ ಬಿಸಿಲಿನಲ್ಲಿ ಕೂತು ಮಾರುತ್ತಿದ್ದಳು. ನಾನು ಅತ್ತೆಯ ಜೊತೆ ಮಾತು ಬಿಟ್ಟೆ. ಅವಳು ಕೊಟ್ಟ ಗೋಳಿಬಜೆ ಕಾಗೆಗೆ ಹಾಕಿದೆ. ಆ ವರ್ಷವಿಡೀ ಶಾಲೆಯಲ್ಲಿ ಏನು ಕಲಿತೆನೋ ನೆನಪಿಲ್ಲ, ಸೇಡನ್ನು ಮಾತ್ರ ಮಗ್ಗಿಯ ಹಾಗೆ ದಿನವೂ ಬಾಯಿಪಾಠ ಮಾಡಿದೆ.

ಬಲೆ ನನ್ನ ಪಕ್ಷ ವಹಿಸಿತು. ಅತ್ತೆ ಬುಟ್ಟಿ ಹಿಡಿದ ಮೇಲೂ ದೋಣಿ ಅರ್ಧ ಖಾಲಿಯಾಗಿಯೇ ಬರುತ್ತಿತ್ತು. "ತಪ್ಪ್ ಮಾಡ್ದವ್ಳ್ ಬುಟ್ಟಿ ಬಿಟ್ಟ್ ವರ್ಷ ಆಯ್ತಲೆ, ಮತ್ತೆಂತಕೆ ಹೀಂಗೆ?" ಎಂದು ಹೆಂಗಸರು ಬಾವಿಕಟ್ಟೆಯಲ್ಲಿ ಗೊಣಗತೊಡಗಿದ್ದರು. ನಾನು ಆ ಗೊಣಗಾಟವನ್ನು ಜೋಪಾನವಾಗಿ ಕೇಳಿಸಿಕೊಂಡೆ.

ಮರುವರ್ಷ ಗುಡ್ಡದ ಮೇಲೆ ಪೂಜೆ ಮುಗಿದು ಎಲ್ಲರೂ ಕಲ್ಲಿನ ಸುತ್ತ ಸೇರುವ ಮೊದಲೇ ನಾನೂ ದಿನೇಶನೂ ಹೋಗಿ ಆ ತುದಿಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದೆವು, ಹತ್ತಿ ಹತ್ತಿ ಸುಸ್ತಾದ ಮಕ್ಕಳ ಹಾಗೆ. ದಿನೇಶನಿಗೆ ಒಂದು ಹಿಡಿ ನೆಲ್ಲಿಕಾಯಿ ಲಂಚ ಕೊಟ್ಟಿದ್ದೆ. ಜನ ಸೇರಿದ ಮೇಲೆ ಗಟ್ಟಿಯಾಗಿ ಹೇಳಿದೆ.

"ಅತ್ತೇ, ಹೋದ್ವರ್ಷ ಅಮ್ಮ ಬಡ್ದ್ರ್. ಬುಟ್ಟಿ ಬಿಟ್ರ್. ಬಲಿ ಇನ್ನೂ ಖಾಲಿಯೇ. ಈ ಸರ್ತಿ ನೀವ್ ಒಂದ್ ಸಲ ಬಡೀನಿ ಕಾಂಬ."

"ಎಂತ ಸೊಕ್ಕ್ ಕಾಣಿ ಈ ಹೆಣ್ಣಿಂದ್!" ಎಂದಳು ಅತ್ತೆ.

"ಸೊಕ್ಕ್ ಎಂತದ್? ಸಮಾ ಹೇಳ್ತ್ಲಲೆ" ಎಂದಳು ಬಾವಿಕಟ್ಟೆಯ ಹೆಂಗಸರಲ್ಲಿ ಒಬ್ಬಳು. "ಬಡಿ ಮಾರಾಯ್ತಿ. ನಿಂಗೆಂತ ಹೆದ್ರಿಕೆ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಅತ್ತೆಯ ಕೈ ಸೆರಗಿಗೆ ಹೋಗಿ ಮುಖ ಒರೆಸಿಕೊಂಡಿತು. ನಮ್ಮಿಬ್ಬರ ಕಡೆ ಒಮ್ಮೆ ನೋಡಿದಳು. ಇಳಿಯಿರಿ ಎನ್ನುತ್ತಾಳೆಂದು ನಾನು ಕಲ್ಲಿನ ಅಂಚು ಹಿಡಿದುಕೊಂಡೆ. ಅವಳು ಏನೂ ಹೇಳಲಿಲ್ಲ. "ಚಟ್ಲಿ ಸುಟ್ಟದ್ದ್ ನಾನಲ್ಲ" ಎಂದಳು. ಹೊಡೆದಳು.

ದಡ್.

ಅವಳ ಕೈಯಿಂದ ಬೆಣಚುಕಲ್ಲು ಬಿತ್ತು. ನಿಂತಲ್ಲೇ ಕುಸಿದು ಕೂತಳು. ಆ ಮುಖವನ್ನು ನಾನು ಇವತ್ತಿಗೂ ಬೇಕೆಂದಾಗ ಕಣ್ಣಮುಂದೆ ತಂದುಕೊಳ್ಳಬಲ್ಲೆ, ತಂದುಕೊಂಡಾಗಲೆಲ್ಲ ಬೆಲ್ಲದ ತುಂಡು ಬಾಯಿಗಿಟ್ಟಷ್ಟು ಸುಖ. ಅವಳಿಗೆ ಆ ಕಲ್ಲಿನ ಮರ್ಮ ಗೊತ್ತಿತ್ತೇ? ಗೊತ್ತಿದ್ದರೆ ನಮ್ಮನ್ನು ಇಳಿಸುತ್ತಿದ್ದಳು. ಇಳಿಸಲಿಲ್ಲ ಎಂದ ಮೇಲೆ ಹಿಂದಿನ ವರ್ಷ ಅವಳು ಕಾಲುನೋವಿಗೆ ಸುಮ್ಮನೆ ಒರಗಿದ್ದಳು ಅಷ್ಟೆ. ದೊಡ್ಡವಳಾದ ಮೇಲೆ ಈ ಲೆಕ್ಕ ನನಗೂ ಹೊಳೆದಿದೆ. ಹೊಳೆದರೇನಂತೆ? ಚಟ್ಲಿ ಅರೆದದ್ದು ತಾನೇ ಎಂದು ಗೊತ್ತಿತ್ತಲ್ಲ. ಗೊತ್ತಿದ್ದೂ ಅಮ್ಮನ ಹೆಗಲ ಮೇಲೆ ಹೊರಿಸಿದಳಲ್ಲ. ಅದಕ್ಕೆ ಇದು ಕಡಿಮೆಯೇ ಆಯಿತು. ಮಾಡಿದ್ದುಣ್ಣೋ ಮಹರಾಯ.

ಬುಟ್ಟಿ ಅಮ್ಮನಿಗೆ ತಿರುಗಿ ಬಂತು. ವಂಡ್ಸೆಯ ಅಂಗಳಗಳೂ ಬಂದವು. ಬಾಬಿ ಅತ್ತೆಯ ಪಕ್ಕದ ಎಲೆ ಆ ದಿನ ಖಾಲಿ ಉಳಿಯಿತು, ನಾನು ಮಾತ್ರ ಎದುರಿನ ಸಾಲಿನಲ್ಲಿ ಕೂತು ಅವಳನ್ನು ನೋಡುತ್ತಾ ಪಾಯಸ ಬಡಿಸಿಕೊಂಡಷ್ಟೂ ಉಂಡೆ.

ಆದರೆ ಬಸ್ಸಿನಲ್ಲಿ ಅಮ್ಮ ನನ್ನ ಕೈ ಹಿಡಿದುಕೊಂಡು ಹೇಳಿದಳು. "ಕಂಡ್ಯಾ ಮಗಾ, ಕಲ್ಲ್ ಸುಳ್ಳ್ ಹೇಳುದಿಲ್ಲ. ಅತ್ತಿಗಿದ್ ಹೇಳ್ತ್. ನಂದೂ ಹೇಳಿತ್. ಇಬ್ರದ್ದೂ ತಪ್ಪೇ."

ಅತ್ತೆಯನ್ನು ಕೆಡವಿದ ಹೊಡೆತವೇ ಅಮ್ಮನ ತಲೆಯ ಮೇಲಿನ ತಪ್ಪನ್ನು ಇನ್ನಷ್ಟು ಗಟ್ಟಿ ಮಾಡಿತ್ತು. ಅಲ್ಲೇ ಎಲ್ಲ ಹೇಳಿದೆ. ನಾವು ಕೂತದ್ದು, ಅತ್ತೆ ಒರಗಿದ್ದು, ಕಲ್ಲು ಹುಲಿಗೂ ಹಾಡಿದ್ದು. ಅಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ದೇವ್ರ್ ಕಲ್ಲ್ ನಿಮ್ ಕುಂಡಿಗೆ ಹೆದ್ರಿ ಸುಮ್ನಾಪುದಾ? ಅಬ್ಬಿ ಮೇಲೆ ಪ್ರೀತಿ ಇದ್ರೆ ಸಾಕ್, ಇಷ್ಟೆಲ್ಲ ಕಟ್ಟಿ ಹೇಳ್ಬೇಡ" ಎಂದಳು. ಒಮ್ಮೆ ನೀನೇ ಬಂದು ಹೊಡೆದು ನೋಡು ಎಂದು ವರ್ಷವರ್ಷವೂ ಕಾಡಿದೆ. ಅವಳು ಆ ಕಲ್ಲಿನ ಹತ್ತಿರ ಮತ್ತೆ ಸುಳಿಯಲೇ ಇಲ್ಲ. ದೂರದಿಂದ ಕೈ ಮುಗಿದು ಮಠದೊಳಗೆ ಹೋಗಿಬಿಡುತ್ತಿದ್ದಳು. ದೀಪ ಮುಟ್ಟುವ ಮುಂಚೆ ಕೈಯನ್ನು ಚರ್ಮ ಸುಲಿಯುವ ಹಾಗೆ ತಿಕ್ಕುವುದು ಅವಳಿಗೆ ಅಭ್ಯಾಸವಾಗಿ ಹೋಯಿತು.

ಹಾವಿನ ದ್ವೇಷ ಹನ್ನೆರಡು ವರ್ಷ ಎನ್ನುತ್ತಾರೆ. ನನ್ನದು ಹಾವಿಗೂ ಆಗದಷ್ಟು ಹಳತಾಯಿತು. ಬಾಬಿ ಅತ್ತೆ ಹೋಗಿ ಎಷ್ಟೋ ಮಳೆಗಾಲ ಕಳೆದಿವೆ. ಹೆಣದ ಬಾಯಿಗೆ ನೀರು ಬಿಡುವಾಗಲೂ ನನಗೆ ಅಳು ಬರಲಿಲ್ಲ, ಒಣ ಚಟ್ಲಿಯ ವಾಸನೆ ಬಂತು. ಈಗ ಕೇರಿಯಲ್ಲಿ ಆ ನೇಮವೂ ಇಲ್ಲ. ಕಾರ್ತಿಕವೋ ಶ್ರಾವಣವೋ, ಯಾರ ಮನೆಯಲ್ಲಿ ಯಾವಾಗ ಮೀನು ಬೇಯುತ್ತದೆಂದು ಪಕ್ಕದ ಮನೆಗೂ ಗೊತ್ತಾಗದ ಹಾಗೆ ಕಾಂಕ್ರೀಟಿನ ಗೋಡೆಗಳು ಎದ್ದಿವೆ. ಗುಡ್ಡ ಹತ್ತುವವರು ನೆಲ್ಲಿಕಾಯಿ ಕೀಳುವುದಿಲ್ಲ. ಜೀಪು ತುದಿಯವರೆಗೂ ಹೋಗುತ್ತದೆ.

ಹೋದ ವರ್ಷ ಮಂಡಿನೋವಿನ ಅಮ್ಮನನ್ನು ಅದೇ ಜೀಪಿನಲ್ಲಿ ಕೂರಿಸಿಕೊಂಡು ಹೋದೆ. ಈ ಸಲ ಅವಳ ಕೈ ಹಿಡಿದಾದರೂ ಹೊಡೆಸುತ್ತೇನೆ, ಆ ನಾದವನ್ನು ಅವಳ ಕಿವಿಗೆ ಹಾಕಿಯೇ ಬರುತ್ತೇನೆ ಎಂದು ಹಟ ತೊಟ್ಟಿದ್ದೆ. ಮಠದ ಹಿಂದೆ ಹೋಗಿ ನೋಡಿದರೆ ನಾಲಗೆಕಲ್ಲಿನ ಅಡಿ ಪೂರ್ತಿ ಸಿಮೆಂಟು ತುಂಬಿ, ಸುತ್ತ ಟೈಲ್ಸಿನ ಕಟ್ಟೆ ಕಟ್ಟಿ, ಸ್ಟೀಲಿನ ಕಂಬಿ ಹಾಕಿದ್ದರು. ಫೋಟೋ ತೆಗೆಸಿಕೊಳ್ಳುವವರು ಹತ್ತಿ ಹತ್ತಿ ಕಲ್ಲು ಅಲುಗಾಡುತ್ತಿತ್ತಂತೆ, ಭಕ್ತರೊಬ್ಬರು ಸೇವೆ ಮಾಡಿಸಿದರಂತೆ. ಕಂಬಿಯ ನಡುವೆ ಕೈ ತೂರಿಸಿ ಕಲ್ಲೊಂದರಿಂದ ಹೊಡೆದೆ. ದಡ್. ಇನ್ನೊಂದು ಕಡೆ ಹೊಡೆದೆ. ಅಲ್ಲೂ ದಡ್. ಹುಚ್ಚು ಹಿಡಿದವಳ ಹಾಗೆ ಹೊಡೆಯುತ್ತಲೇ ಇದ್ದೆ.

ಅಮ್ಮ ನನ್ನ ರಟ್ಟೆ ಹಿಡಿದು ಹಿಂದಕ್ಕೆ ಎಳೆದಳು. "ಸಾಕ್ ಬಿಡ್ ಮಗಾ, ನಂದಾಯ್ತ್, ನೀನೆಂತಕೆ ಕೈ ನೋವ್ ಮಾಡ್ಕಂತೆ?" ಎಂದು ತಾನು ಕಂಬಿಯ ಹತ್ತಿರ ಹೋದಳು. ಎಷ್ಟೋ ವರ್ಷದ ಮೇಲೆ ಮೊದಲ ಸಲ ಅಷ್ಟು ಹತ್ತಿರ ಹೋದಳು. ಸೆರಗಿನಿಂದ ಎರಡೂ ಕೈ ಒರೆಸಿಕೊಂಡು, ಮುಗಿದು, ಕಣ್ಣು ಮುಚ್ಚಿ ಕಲ್ಲಿಗೆ ಹೇಳಿದಳು.

"ಎಂತ ಮಾಡಿದೆ ಅಂದೇಳಿ ನಂಗೆ ಇನ್ನೂ ಗೊತ್ತಿಲ್ಲೆ. ಹೊಟ್ಟಿಗ್ ಹಾಕ್ಕೊ."