ಭಾವಿ ರಾಜ

ಚರ್ಚಿನ ಹಬ್ಬಕ್ಕೆ ‘ಯೇಸು ರಾಜ’ ಅಂತ ಬ್ಯಾನರ್ ಮಾಡಿಸಲು ಸೊಲ್ಲಾಪುರದ ವಿಜಾಪುರ ರಸ್ತೆಯ ಅಂಗಡಿಗೆ ಹೋಗಿದ್ದೆ. ಯಾರೂ ಹರಿಯದಿರಲಿ ಅಂತ ಮೇಲೆ ನಮ್ಮ ವಾರ್ಡಿನ ಪುಢಾರಿಯ ಫೋಟೋ ಹಾಕಲು ಹೇಳಿದೆ. ನಮ್ಮಲ್ಲಿ ಎಲ್ಲರೂ ಹಾಗೇ ಮಾಡೋದು. ಚುನಾವಣೆಗೆ ಓಡಾಡುವವರಿಗೆಲ್ಲ ‘ಭಾವಿ ನಗರಸೇವಕ’, ಅಂದರೆ ಮುಂದಿನ ಕಾರ್ಪೊರೇಟರ್, ಅಂತ ಹಾಕಿ ರೂಢಿಯಾದ ಅಂಗಡಿಯವನು ಇಲ್ಲೂ ‘ಭಾವಿ ರಾಜ’ ಅಂತ ಟೈಪ್ ಮಾಡಿದ.

“ಭಾವಿ ಅಲ್ಲರಿ. ಆತ ಈಗೂ ರಾಜನ ಅದಾನ,” ಅಂದೆ.

“ಈಗ ಆಳಾಕತ್ತಾರೇನ್ರಿ?”

“ಹೌದ್ರಿ, ಎಲ್ಲಾರ ಮ್ಯಾಲೂ.”

“ಮತ್ತ ಅವರ ಮ್ಯಾಲ ಸಾಹೇಬರ ಫೋಟೋ ಯಾಕ್ರಿ?”

“ಯಾರೂ ಹರೀಬಾರದಂತ್ರಿ,” ಅಂದೆ.

“ಫೋಟೋ ಇರಬೇಕಂದ್ರ ಭಾವೀನೂ ಇರಲಿ ಬಿಡ್ರಿ,” ಅಂದ.

ಫೋಟೋ, ‘ಭಾವಿ’ ಎರಡನ್ನೂ ತೆಗೆಸಿದೆ. ಹಬ್ಬದ ದಿನವಿಡೀ, ಈಗ ಆಳುತ್ತಿರುವ ರಾಜನ ಬ್ಯಾನರಿನ ಕೆಳಗೆ ಕಾವಲಿಗೆ ನಾನೇ ಕೂತಿದ್ದೆ.