ಒಂಬತ್ತನೆಯ ಮುಖದ ಹಣೆ

ಗುರುವಾರ ಬೆಳಿಗ್ಗೆ ಏಳಕ್ಕೆ ಡಲ್ಲಾಸಿನ ಪಕ್ಕದ ಲೂಯಿಸ್‌ವಿಲ್ ಬಿಟ್ಟೆ. ಡಲ್ಲಾಸಿನ ಟ್ರಾಫಿಕ್ ದಾಟುವುದಕ್ಕೇ ಒಂದು ಗಂಟೆ ಹಿಡಿಯಿತು. ಅಲ್ಲಿಂದ ಹ್ಯೂಸ್ಟನ್ನಿಗೆ ಇನ್ನೂರನಲವತ್ತು ಮೈಲಿ, ದಾರಿಯುದ್ದಕ್ಕೂ ಒಣಗಿದ ಹುಲ್ಲು. ವ್ಯಾನಿನ ಹಿಂದಿನ ಸೀಟುಗಳನ್ನು ಕಳಚಿ ಮನೆಯಲ್ಲೇ ಇಟ್ಟಿದ್ದೆ, ಇಮಾನಿಯ ಒಂಬತ್ತು ಮುಖಗಳನ್ನು ಆಸ್ಟಿನ್ನಿಗೆ ಸಾಗಿಸಬೇಕಿತ್ತು.

ಇಮಾನಿ ಹ್ಯೂಸ್ಟನ್ನಿನ ಕಲಾವಿದೆ, ಕಪ್ಪು ಜನಾಂಗದವಳು, ಟ್ರಾನ್ಸ್ ಹೆಣ್ಣು. ಡಲ್ಲಾಸಿನಲ್ಲಿ ಅವಳು ನಡೆಸಿದ ಶಿಬಿರದಲ್ಲಿ ನಮ್ಮ ಸ್ನೇಹವಾಯಿತು. ಹೆಣ್ಣಾಗಿ ಬದುಕಲು ಹೊರಟ ವರ್ಷದಿಂದ ಪ್ರತಿವರ್ಷ ತನ್ನ ಮುಖದ ಅಚ್ಚು ತೆಗೆದು ಜೇನುಮೇಣದಲ್ಲಿ ಎರಕ ಹೊಯ್ಯುತ್ತಾಳೆ. ಮೊದಲನೆಯದರಲ್ಲಿ ದವಡೆ ಬಿಗಿದಿದೆ. ಒಂಬತ್ತನೆಯದು ಎಷ್ಟು ಚೆಂದವೆಂದರೆ, ಸುಮ್ಮನೆ ನೋಡುತ್ತಾ ಕೂರಬೇಕು ಅನಿಸುತ್ತದೆ.

ಶುಕ್ರವಾರ ಹೊರಟಾಗ ನೂರಮೂರು ಡಿಗ್ರಿ ಫ್ಯಾರನ್‌ಹೀಟ್ ಸೆಕೆ. ಎಸಿ ಆರಿಸಿದರೆ ಮುಖಗಳು ಕರಗುತ್ತವೆ, ಹಾಗಾಗಿ ಎಲ್ಲಿ ನಿಂತರೂ ಒಬ್ಬರು ವ್ಯಾನಿನಲ್ಲೇ ಇರಬೇಕು. ದಾರಿಯಲ್ಲಿ ಸೈಪ್ರೆಸ್‌ನಲ್ಲಿ ನಮ್ಮ ಮೈಸೂರಿನ ಶಾರದಾ ಆಂಟಿ ಮನೆ, ವರಮಹಾಲಕ್ಷ್ಮಿ ಹಬ್ಬ, ಹೋಗದಿದ್ದರೆ ಬೇಜಾರು ಮಾಡಿಕೊಳ್ಳುತ್ತಾರೆ. ಇಮಾನಿಗೆ ಹೇಳಿದೆ.

“ಹೋಗೋಣ. ಆದರೆ ನಾನು ಟ್ರಾನ್ಸ್ ಅಂತ ಅವರಿಗೆ ಹೇಳಬೇಡ. ಎಲ್ಲಿಗೆ ಹೋದರೂ ನನಗಿಂತ ಮುಂಚೆ ಆ ಸುದ್ದಿ ಹೋಗಿರುತ್ತೆ. ಒಂದು ಸಲ ಬರೀ ನನ್ನ ಮುಖ ನೋಡಿ ಮಾತಾಡಿಸಲಿ,” ಅಂದಳು.

ಖಂಡಿತ ಹೇಳಲ್ಲ ಎಂದೆ.

ಇಮಾನಿಯನ್ನು ವ್ಯಾನಿನಲ್ಲಿ ಬಿಟ್ಟು, ಐದು ನಿಮಿಷವೆಂದು ಒಳಗೆ ಹೋದವಳು ಒಬ್ಬಟ್ಟು ತಿನ್ನುತ್ತಾ ಕೂತುಬಿಟ್ಟೆ. ಆಂಟಿ ಕಿಟಕಿಯಲ್ಲಿ ಇಣುಕಿದರು. “ಕಾರಲ್ಲಿ ಯಾರೇ ಅದು? ಹಬ್ಬದ ದಿನ ಬಾಗಿಲಿಗೆ ಬಂದ ಹೆಣ್ಣುಮಗಳನ್ನ ಹಾಗೇ ಕಳಿಸ್ತಾರೇನೇ?”

ಅರಿಸಿನ ಕುಂಕುಮದ ತಟ್ಟೆ ಹಿಡಿದು ಹೊರಟೇಬಿಟ್ಟರು. ನಾನು ಹಿಂದೆಯೇ ಓಡಿದೆ. ಇಮಾನಿ ಗಾಜು ಇಳಿಸಿ ನಕ್ಕಳು. ನನ್ನ ಹಣೆಯ ಕುಂಕುಮ ನೋಡಿ, ತಟ್ಟೆ ನೋಡಿ, ತಾನಾಗಿಯೇ ತಲೆ ಮುಂದಕ್ಕೆ ಬಗ್ಗಿಸಿದಳು. ಆಂಟಿಯ ಬೆರಳು ಕುಂಕುಮ ತೆಗೆದುಕೊಂಡಿತ್ತು.

ನನಗೇನು ಬಡಿದಿತ್ತೋ. “ಆಂಟಿ, ಬೇಡ. ಅವಳು ಹುಟ್ಟಿದ್ದು ಗಂಡಾಗಿ,” ಎಂದೆ, ಕನ್ನಡದಲ್ಲಿ. ಎದುರಿಗಿದ್ದವರ ಬಗ್ಗೆ ಅವರೆದುರೇ ಕನ್ನಡದಲ್ಲಿ ಆಡಿಕೊಳ್ಳುವ ಚಟ ಇಲ್ಲಿ ನಮ್ಮವರಿಗೆಲ್ಲ ಇದೆ. ಅಂಗಡಿಯಲ್ಲಿ, ಲಿಫ್ಟಿನಲ್ಲಿ, ಯಾರಿಗೂ ತಿಳಿಯುವುದಿಲ್ಲ ಎಂಬ ಧೈರ್ಯ. ಆಂಟಿಯ ಬೆರಳು ಗಾಳಿಯಲ್ಲೇ ನಿಂತಿತು. ಅದನ್ನು ತಟ್ಟೆಯಂಚಿಗೆ ಒರೆಸಿ, ಎರಡು ಬಾಳೆಹಣ್ಣು ಕೊಟ್ಟು ಒಳಗೆ ಹೋದರು. ಒಂಬತ್ತು ವರ್ಷ ಮುಖ ನೋಡುವುದೇ ಕೆಲಸವಾದ ಇಮಾನಿಗೆ, ನಡೆದದ್ದು ತಿಳಿಯಲು ಕನ್ನಡ ಬರಬೇಕಾಗಿರಲಿಲ್ಲ.

ಹೆದ್ದಾರಿಗೆ ಬಂದಮೇಲೆ ಕೇಳಿದಳು, “ಹೇಳಿದೆ ಅಲ್ವಾ?”

“ಇಲ್ಲ. ಅದು ಮದುವೆಯಾದವರಿಗೆ ಮಾತ್ರ,” ಎಂದು ಸುಳ್ಳು ಹೇಳಿದೆ.

ಆಸ್ಟಿನ್ನಿಗೆ ಇನ್ನೂ ನೂರನಲವತ್ತು ಮೈಲಿ ಇತ್ತು. ಇಮಾನಿ ಬಾಳೆಹಣ್ಣುಗಳನ್ನು ಡ್ಯಾಶ್‌ಬೋರ್ಡಿನ ಮೇಲೆ ಇಟ್ಟಲ್ಲೇ ಬಿಟ್ಟಿದ್ದಳು.

ಶನಿವಾರ ಪ್ರದರ್ಶನ. ಗೋಡೆಯ ಮೇಲೆ ಮುಖಗಳು ಸಾಲಾಗಿದ್ದವು, ಒಂದೂ ಕರಗಿರಲಿಲ್ಲ. ಒಂಬತ್ತನೆಯದರ ಹಣೆಯ ನಡುವೆ ಮಾತ್ರ ಬೆರಳು ಒತ್ತಿದ ಗುಳಿ. ಯಾರೋ ವಯಸ್ಸಾದ ಹೆಂಗಸು, ತರುವಾಗ ಪೆಟ್ಟಾಯಿತೇ ಎಂದು ಕೇಳಿದರು.

“ಅಲ್ಲಿಗೆ ಒಂದು ಬಣ್ಣ ಬರಬೇಕಿತ್ತು. ಬರಲಿಲ್ಲ,” ಎಂದಳು ಇಮಾನಿ. ನಾನು ಪಕ್ಕದಲ್ಲೇ ಇದ್ದೆ. ನನ್ನನ್ನು ಅವರಿಗೆ ಪರಿಚಯಿಸಲಿಲ್ಲ. ಮುಖಗಳನ್ನು ಹಿಂದಕ್ಕೆ ಒಯ್ಯಲು ಬೇರೆ ಗಾಡಿ ಹೇಳಿದ್ದೇನೆ ಎಂದಷ್ಟೇ ನನಗೆ ತಿಳಿಸಿದಳು.

ಭಾನುವಾರ ಒಬ್ಬಳೇ ಹೊರಟೆ. ಖಾಲಿ ವ್ಯಾನು ಗಡಗಡ ಎನ್ನುತ್ತಿತ್ತು. ಹಿಂದೆ ಮುಖಗಳಿಲ್ಲದಿದ್ದರೂ ಗ್ಯಾಸ್ ಸ್ಟೇಷನ್ನಿನಲ್ಲಿ ಎಸಿ ಆರಿಸಲು ಕೈ ಬರಲಿಲ್ಲ. ವೇಕೋ ದಾಟುವಾಗ ಶಾರದಾ ಆಂಟಿ ಫೋನ್ ಮಾಡಿದರು.

“ಆ ಹುಡುಗಿ ತಲೆ ಬಗ್ಗಿಸಿದ್ದಳು ಕಣೆ, ಕಣ್ಮುಂದೇ ಬರ್ತಿದೆ. ಕೈ ಹಿಂದಕ್ಕೆ ತಗೊಂಡಿದ್ದು ನನ್ನ ತಪ್ಪು. ಆದ್ರೆ ನೀನು ಯಾಕಮ್ಮಾ ಹೇಳಿದೆ? ನನ್ನ ಕಣ್ಣಿಗೆ ಹೆಣ್ಣುಮಗಳೇ ಕಂಡಿದ್ದು.”