ಟ್ರಾಲಿ ನಿಂತದ್ದಕ್ಕೆ ನಾಗವೇಣಿ ಹೊರಗೆ

ಕಳೆದ ತಿಂಗಳು ಒಂದು ಮಂಗಳವಾರ ಬೆಳಿಗ್ಗೆ ರಾಜಾನುಕುಂಟೆಯ ಆಚೆ ಇರುವ ಒಂದು ಕಾರ್ಖಾನೆಯ ಗೇಟಿನಲ್ಲಿ ಸ್ಕೂಟರ್ ನಿಲ್ಲಿಸಿದೆ. ನನ್ನ ಬ್ಯಾಗಿನಲ್ಲಿ ಎರಡು ಮೊಬೈಲ್, ಒಂದು ಲ್ಯಾಪ್‌ಟಾಪ್, ಒಂದು ಡಾಂಗಲ್ ಇದ್ದವು. ಸೆಕ್ಯುರಿಟಿಯವರು ಸೆಲ್ಯೂಟ್ ಹೊಡೆದು ಒಳಗೆ ಬಿಟ್ಟರು. ಬ್ಯಾಗಿನಲ್ಲಿ ಏನಿದೆ ಅಂತ ಕೇಳಲೂ ಇಲ್ಲ.

ಪಕ್ಕದ ಸಾಲಿನಲ್ಲಿ ನಿಂತಿದ್ದ ಹೆಂಗಸರಿಗೆ ಮಾತ್ರ ಬೇರೆ ಕಾನೂನು. ಅವರು ಮೊದಲು ತಮ್ಮ ಮೊಬೈಲನ್ನು ಒಂದು ಪ್ಲಾಸ್ಟಿಕ್ ಬುಟ್ಟಿಗೆ ಹಾಕಬೇಕು. ಆಮೇಲೆ ಟಿಫಿನ್ ಡಬ್ಬಿಯ ಮುಚ್ಚಳ ತೆಗೆದು ತೋರಿಸಬೇಕು. ಲೇಡಿ ಗಾರ್ಡ್ ಒಬ್ಬರು ಚಮಚ ಹಿಡಿದು ಚಿತ್ರಾನ್ನ ಕೆದಕುತ್ತಿದ್ದರು. ಚಿತ್ರಾನ್ನದಲ್ಲಿ ಏನು ಹುಡುಕುತ್ತಿದ್ದರು ಗೊತ್ತೇ? ಇನ್ನೊಂದು ಮೊಬೈಲನ್ನು.

ಗೇಟಿನ ಹೊರಗೆ, ಹೊಂಗೆ ಮರದ ಕೆಳಗೆ, ಒಬ್ಬ ಹೆಂಗಸು ಟಿಫಿನ್ ಚೀಲ ಹಿಡಿದುಕೊಂಡು ಸುಮ್ಮನೆ ನಿಂತಿದ್ದಳು. ಸಾಲಿಗೂ ಸೇರಿರಲಿಲ್ಲ, ಹೊರಟೂ ಹೋಗಿರಲಿಲ್ಲ. ಯಾರನ್ನೋ ಕಾಯುತ್ತಿರಬೇಕು ಅಂದುಕೊಂಡು ಒಳಗೆ ನಡೆದೆ.

ಈ ಅಂಕಣವನ್ನು ತಪ್ಪದೆ ಓದುವವರಿಗೆ ನನ್ನ ಕಸುಬು ಗೊತ್ತು. (ಗೊತ್ತಿಲ್ಲದವರಿಗೆ: ಕಾರ್ಖಾನೆಗಳ ಯಂತ್ರಗಳಿಗೆ ಆಜ್ಞೆ ಕೊಡುವ ಕಂಟ್ರೋಲ್ ಪ್ಯಾನೆಲ್ಲುಗಳು ಕೆಟ್ಟರೆ ಯಲಹಂಕ ಸುತ್ತಮುತ್ತ ಕೆಲವರು ನನ್ನನ್ನು ಕರೆಯುತ್ತಾರೆ. ವರ್ಷಕ್ಕೊಮ್ಮೆ ಕರೆದು ನೋಡಿಸಿಕೊಂಡರೆ ಕೆಡುವುದೇ ಇಲ್ಲ, ಆದರೆ ಯಾರೂ ಹಾಗೆ ಕರೆಯುವುದಿಲ್ಲ.)

ಇದು ಅಂಗಳಕ್ಕೆ, ಫುಟ್‌ಪಾತಿಗೆ ಹಾಸುವ ಸಿಮೆಂಟ್ ಬ್ಲಾಕ್ ಮಾಡುವ ಕಾರ್ಖಾನೆ. ಅಚ್ಚಿನಿಂದ ಬಂದ ಹಸಿ ಬ್ಲಾಕುಗಳನ್ನು ಹೆಂಗಸರು ಒಂದು ಟ್ರಾಲಿಗೆ ಜೋಡಿಸುತ್ತಾರೆ. ಟ್ರಾಲಿ ಹಳಿಯ ಮೇಲೆ ತಾನೇ ಚಲಿಸಿ ಅವನ್ನು ಗಟ್ಟಿಯಾಗಲೆಂದು ಉದ್ದದ ಶೆಡ್ಡಿನ ಆ ತುದಿಯಲ್ಲಿರುವ ಕೋಣೆಗಳಿಗೆ ಮುಟ್ಟಿಸುತ್ತದೆ. ಚಲಿಸುವ ಗಾಡಿಗೆ ಕೇಬಲ್ ಎಳೆದರೆ ದಿನಾ ಹರಿಯುತ್ತದೆ. ಹಾಗಾಗಿ ಪ್ಯಾನೆಲ್ಲಿನ ಆಜ್ಞೆಯೆಲ್ಲ ವೈರ್‌ಲೆಸ್. ನಿಮ್ಮ ಮನೆಯ ವೈಫೈ ಇದ್ದ ಹಾಗೆಯೇ. ಒಂದು ಸೆಕೆಂಡು ಸಿಗ್ನಲ್ ತಪ್ಪಿದರೆ ಟ್ರಾಲಿ ಇದ್ದ ಜಾಗದಲ್ಲೇ ನಿಂತುಬಿಡುತ್ತದೆ.

ಎರಡು ತಿಂಗಳಿನಿಂದ ಅದು ಕಂಡ ಕಂಡಲ್ಲಿ ನಿಲ್ಲುತ್ತಿತ್ತು.

ಮ್ಯಾನೇಜರ್ ಶಿವಶಂಕರ್ ಕಾಫಿ ತರಿಸಿದರು. ಕಾರಣ ಅವರಿಗೆ ಆಗಲೇ ಗೊತ್ತಿತ್ತು. ಹೆಂಗಸರ ಮೊಬೈಲಿನಿಂದ ಸಿಗ್ನಲ್ ಡಿಸ್ಟರ್ಬ್ ಆಗುತ್ತಿದೆ, ಅಷ್ಟೇ. ಅದಕ್ಕೇ ಬುಟ್ಟಿ ಇಡಿಸಿದ್ದು. ಬುಟ್ಟಿ ಇಟ್ಟರೂ ಟ್ರಾಲಿ ನಿಂತಿತು. ಹಾಗಾದರೆ ಯಾರೋ ಕದ್ದು ಒಯ್ಯುತ್ತಿದ್ದಾರೆ ಅಂತ ತಪಾಸಣೆ ಶುರುವಾಯಿತು. ನಾಗವೇಣಿ ಅನ್ನುವವಳ ಟಿಫಿನ್ ಚೀಲದಲ್ಲಿ ಒಂದು ಮೊಬೈಲ್ ಸಿಕ್ಕಿತು. ಆವತ್ತೇ ಅವಳನ್ನು ಹೊರಗೆ ಹಾಕಿದರು.

“ನಂಬ್ತೀರೋ ಇಲ್ವೋ ಮೇಡಂ, ಅವ್ಳು ಹೋದ್ಮೇಲೆ ಮೂರು ದಿನ ಟ್ರಾಲಿ ಒಂದ್ಸಲಾನೂ ನಿಲ್ಲಲಿಲ್ಲ. ಇದಕ್ಕಿಂತ ಪ್ರೂಫ್ ಬೇಕಾ?” ಅಂದರು ಶಿವಶಂಕರ್.

ನಾಲ್ಕನೆಯ ದಿನ ಮತ್ತೆ ನಿಂತಿತಂತೆ. ಹಾಗಾಗಿ ಇನ್ನೂ ಒಬ್ಬಳ ಹತ್ತಿರ ಮೊಬೈಲ್ ಇದೆ, ಯಾರು ಅಂತ ನಾನು ಯಂತ್ರ ಇಟ್ಟು ಕಂಡುಹಿಡಿಯಬೇಕು. ನನ್ನನ್ನು ಕರೆಸಿದ್ದು ಟ್ರಾಲಿ ರಿಪೇರಿಗಲ್ಲ, ಕಳ್ಳಿಯನ್ನು ಹಿಡಿಯುವುದಕ್ಕೆ.

ನಾಗವೇಣಿಯ ಹತ್ತಿರ ಸಿಕ್ಕ ಫೋನ್ ಯಾವುದು ಅಂತ ಕೇಳಿದೆ. ಅವರು ಡ್ರಾಯರ್ ತೆಗೆದು ತೋರಿಸಿದರು. ಒತ್ತುವ ಬಟನ್ನಿನ, ಸವೆದು ಬಿಳಿಚಿದ ಪುಟ್ಟ ಫೋನು. ಅದರಲ್ಲಿ ವೈಫೈ ಅನ್ನುವುದೇ ಇಲ್ಲ. ಅದು ಮಾತಾಡುವ ಅಲೆಗೂ ಟ್ರಾಲಿಯ ಅಲೆಗೂ ಸಂಬಂಧವೇ ಇಲ್ಲ. ಆಕಾಶವಾಣಿ ಹಾಕಿದರೆ ಪಕ್ಕದ ಮನೆಯ ಮಿಕ್ಸಿ ತಿರುಗಿತು ಅಂದ ಹಾಗಾಯಿತು. ಹೇಳಿದೆ. ಶಿವಶಂಕರ್ ನಕ್ಕರು. ಎಲ್ಲ ಮೊಬೈಲೂ ಒಂದೇ ಅಲ್ಲವೇ ಮೇಡಂ ಅಂದರು. ಡಿಪ್ಲೊಮಾ ಓದಿದವರು!

ಆವತ್ತು ಇಡೀ ದಿನ ಹಳಿಯ ಪಕ್ಕ ಕುರ್ಚಿ ಹಾಕಿಕೊಂಡು ಕೂತೆ. ಪ್ಯಾನೆಲ್ಲಿನ ಕೇಬಲ್, ಆಂಟೆನಾ, ಟ್ರಾಲಿಯ ಮೇಲಿನ ರಿಸೀವರ್ ಡಬ್ಬಿ ಎಲ್ಲ ಸರಿಯಾಗಿಯೇ ಇದ್ದವು. ಹತ್ತೂ ಮುಕ್ಕಾಲರ ಹೊತ್ತಿಗೆ ಟ್ರಾಲಿ ನಿಂತಿತು. ಊಟದ ನಂತರ ಮತ್ತೆ ನಿಂತಿತು. ನಿಂತಾಗಲೆಲ್ಲ ಸೂಪರ್‌ವೈಸರ್ ಹೆಂಗಸರ ಕಡೆ ತಿರುಗಿ, ಯಾರದು ಅಂತ ಕಿರುಚುತ್ತಿದ್ದ. ಅವರು ಕೈ ಒರೆಸಿಕೊಳ್ಳುತ್ತ ತಲೆ ತಗ್ಗಿಸಿ ನಿಲ್ಲುತ್ತಿದ್ದರು. ಒಬ್ಬಾಕೆ ಕೇಳದೆಯೇ ಸೊಂಟದ ಸೆರಗು ಬಿಚ್ಚಿ ತೋರಿಸಿದಳು. ನಲವತ್ತೈದು ದಾಟಿದ ಹೆಂಗಸು. ನನಗೆ ಕೂತಲ್ಲಿ ಕೂರಲಾಗಲಿಲ್ಲ.

ಸಂಜೆ ಶಿವಶಂಕರ್ ಒಂದು ಸುಲಭದ ದಾರಿ ಹೇಳಿದರು. ಸಿಗ್ನಲ್ ತಪ್ಪಿದರೂ ಹತ್ತು ಸೆಕೆಂಡು ಟ್ರಾಲಿ ಓಡುತ್ತಲೇ ಇರುವ ಹಾಗೆ ಸೆಟ್ ಮಾಡಿಬಿಡಿ ಅಂತ. ಎರಡು ಟನ್ ಹೊತ್ತ ಗಾಡಿ, ಬ್ರೇಕಿನ ಆಜ್ಞೆ ತಲುಪದೆ ಹತ್ತು ಸೆಕೆಂಡು ಓಡಬೇಕು. ಹಳಿಯ ಎರಡೂ ಪಕ್ಕ ಹೆಂಗಸರು ನಿಂತಿರುತ್ತಾರೆ. ನಿಮ್ಮ ಮಗಳು ಅಲ್ಲಿ ನಿಂತಿದ್ದರೆ ಹೀಗೆ ಕೇಳುತ್ತಿದ್ದಿರಾ ಅಂತ ಕೇಳಿದೆ. ಅವರು ಮಾತು ಬದಲಾಯಿಸಿದರು.

ಮಾರನೆಯ ದಿನ ಬೆಳಿಗ್ಗೆಯೂ ಹೊಂಗೆ ಮರದ ಕೆಳಗೆ ಆ ಹೆಂಗಸು ನಿಂತಿದ್ದಳು. ಈ ಸಲ ಸ್ಕೂಟರ್ ನಿಲ್ಲಿಸಿ ಮಾತಾಡಿಸಿದೆ. ಅವಳೇ ನಾಗವೇಣಿ. ಯಾರಾದರೂ ಕರುಣೆ ತೋರಿ ಒಳಗೆ ಬಿಟ್ಟಾರು ಅಂತ ದಿನಾ ಡಬ್ಬಿ ಕಟ್ಟಿಕೊಂಡು ಬರುತ್ತಿದ್ದಳು.

ಆಕೆಯ ಮಗಳು ನಾಲ್ಕನೆಯ ಕ್ಲಾಸು. ಫಿಟ್ಸ್ ಇದೆ. ಫಿಟ್ಸ್ ಬಂದ ದಿನ ಟೀಚರ್ ಫೋನ್ ಮಾಡುತ್ತಾರೆ, ನಾಗವೇಣಿ ಓಡುತ್ತಾಳೆ. ಬುಟ್ಟಿ ಬಂದ ಮೇಲೆ ಒಮ್ಮೆ ಹಾಗೇ ಆಯಿತು. ಗೇಟಿನ ಬುಟ್ಟಿಯಲ್ಲಿ ಫೋನು ಹನ್ನೊಂದು ಸಲ ಬಡಿದುಕೊಂಡಿತು. ಯಾರೂ ಎತ್ತಲಿಲ್ಲ, ಒಳಗೆ ಬಂದು ಹೇಳಲೂ ಇಲ್ಲ. ಮಗು ಸ್ಕೂಲಿನ ವರಾಂಡದಲ್ಲಿ ಚಾಪೆಯ ಮೇಲೆ ಮೂರು ಗಂಟೆ ಮಲಗಿತ್ತು. ಅದರ ಮಾರನೆಯ ದಿನದಿಂದ ಅವಳು ಫೋನನ್ನು ಡಬ್ಬಿಯ ಕೆಳಗೆ ಇಟ್ಟುಕೊಂಡು ಬರತೊಡಗಿದಳು.

ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ನಾನಂತೂ ಅದನ್ನೇ ಮಾಡುತ್ತಿದ್ದೆ.

ಟ್ರಾಲಿ ಯಾವಾಗ ನಿಲ್ಲುತ್ತದೆ ಅಂತ ಅವಳನ್ನು ಕೇಳಿದೆ. ಅದು ನಿಂತಾಗ ಹತ್ತಾರು ಸಲ ಪಕ್ಕದಲ್ಲೇ ಇದ್ದವಳು. ಎರಡು ತಿಂಗಳಲ್ಲಿ ಈ ಪ್ರಶ್ನೆಯನ್ನು ಅವಳಿಗೆ ಯಾರೂ ಕೇಳಿರಲಿಲ್ಲವಂತೆ.

“ಓನರ್ರು ಫೋನ್ ಮಾಡಿ ಬಯ್ಯೋವಾಗೆಲ್ಲ ಗಾಡಿ ನಿಂತಿರ್ತದೆ ಮೇಡಂ. ಅವ್ರು ಕ್ಯಾಮೆರಾದಾಗೆ ನೋಡ್ತಿರ್ತಾರಲ್ಲ, ಅದೇ ಟೈಮ್ಗೆ. ಅದೆಂಗೋ ನಮ್ಗೂ ತಿಳೀದು. ತಿರುಪತಿಗೆ ಓಗಿದ್ರಂತಲ್ಲ ಮೂರ್ ದಿನ, ಆವಾಗ ನಿಲ್ಲಲೇ ಇಲ್ವಂತೆ.”

ಮೂರು ದಿನ. ಶಿವಶಂಕರ್ ಅವರ ಪ್ರೂಫಿನ ಅದೇ ಮೂರು ದಿನ.

ಒಳಗೆ ಹೋಗಿ ತಲೆಯೆತ್ತಿ ನೋಡಿದೆ. ಶೆಡ್ಡಿನ ಕಂಬಗಳಲ್ಲಿ ಆರು ಕ್ಯಾಮೆರಾ. ಹೆಂಗಸರು ಕೆಲಸ ಮಾಡುತ್ತಾರೋ ಹರಟೆ ಹೊಡೆಯುತ್ತಾರೋ ನೋಡುವುದಕ್ಕೆ ಎರಡು ತಿಂಗಳ ಹಿಂದೆ ಹಾಕಿಸಿದ್ದು. ಕೇಬಲ್ ಎಳೆಯುವ ಗೋಜು ಬೇಡ ಅಂತ ಎಲ್ಲವೂ ವೈಫೈ. ಹಾಕಿದ ಅಂಗಡಿಯವರು ಅವನ್ನು ಟ್ರಾಲಿಯ ಚಾನಲ್ಲಿಗೇ, ಅಂದರೆ ಅದೇ ಅಲೆಗೇ, ಕೂರಿಸಿದ್ದರು. ಯಾರೂ ನೋಡದಿದ್ದಾಗ ಕ್ಯಾಮೆರಾಗಳು ತಮ್ಮೊಳಗೇ ರೆಕಾರ್ಡ್ ಮಾಡಿಕೊಂಡು ಸುಮ್ಮನಿರುತ್ತವೆ. ಮಾಲೀಕರು ಮೊಬೈಲಿನಲ್ಲಿ ತೆರೆದ ತಕ್ಷಣ ಆರೂ ಒಟ್ಟಿಗೆ ಚಿತ್ರ ಕಳಿಸಲು ಶುರು ಮಾಡುತ್ತವೆ. ಓಣಿಯ ತುಂಬ ಲಾರಿ ನುಗ್ಗಿದ ಹಾಗೆ. ಆ ನೂಕುನುಗ್ಗಲಿನಲ್ಲಿ ಟ್ರಾಲಿಯ ಪುಟ್ಟ ಆಜ್ಞೆಗೆ ದಾರಿ ಸಿಗುವುದಿಲ್ಲ.

ಮಾಲೀಕರು ದಿನಾ ಬೆಳಿಗ್ಗೆ ಯಾವಾಗ ನೋಡುತ್ತಾರೆ ಅಂತ ಕೇಳಿದೆ. ಕಾರಿನಲ್ಲಿ ಆಫೀಸಿಗೆ ಹೋಗುವಾಗ, ಹೆಬ್ಬಾಳದ ಫ್ಲೈಓವರಿನಲ್ಲಿ ಸಿಕ್ಕಿಹಾಕಿಕೊಂಡಾಗ ಅಂದರು ಶಿವಶಂಕರ್.

ಅರ್ಥವಾಯಿತೇ? ಹೆಬ್ಬಾಳದಲ್ಲಿ ಟ್ರಾಫಿಕ್ ನಿಂತರೆ ರಾಜಾನುಕುಂಟೆಯಲ್ಲಿ ಟ್ರಾಲಿ ನಿಲ್ಲುತ್ತಿತ್ತು. ನಿಂತ ಟ್ರಾಲಿಯನ್ನು ನೋಡಿ ಮಾಲೀಕರು ಬಯ್ಯುತ್ತಿದ್ದರು. ಬೈಸಿಕೊಂಡ ಮ್ಯಾನೇಜರ್ ಹೆಂಗಸರ ಚಿತ್ರಾನ್ನ ಕೆದಕಿಸುತ್ತಿದ್ದರು.

ಹೇಳಿದರೆ ನಂಬುವುದಿಲ್ಲ ಅಂತ ಗೊತ್ತಿತ್ತು. ಮಾಡಿ ತೋರಿಸಿದೆ. ಶಿವಶಂಕರ್ ಅವರ ಮೊಬೈಲಿನಲ್ಲೇ ಆರೂ ಕ್ಯಾಮೆರಾ ತೆರೆಸಿದೆ. ಟ್ರಾಲಿ ಶೆಡ್ಡಿನ ನಡುವೆ ತಲುಪುತ್ತಿದ್ದ ಹಾಗೆ ನಿಂತಿತು. ಮುಚ್ಚಿಸಿದೆ, ರೀಸೆಟ್ ಮಾಡಿದೆ, ಓಡಿತು. ನಾಲ್ಕು ಸಲ ಹೀಗೆ.

ಆಮೇಲೆ ಕ್ಯಾಮೆರಾಗಳ ಕರೆಂಟ್ ತೆಗೆಸಿದೆ. ಗೇಟಿನಿಂದ ಮೊಬೈಲಿನ ಬುಟ್ಟಿ ತರಿಸಿದೆ. ಎಲ್ಲವನ್ನೂ ಆನ್ ಮಾಡಿಸಿ ಬುಟ್ಟಿಯನ್ನು ಟ್ರಾಲಿಯ ಆಂಟೆನಾದ ಬುಡದಲ್ಲೇ ಇಟ್ಟೆ. ಟ್ರಾಲಿ ಹೊರಟಿತು. ಆ ತುದಿಗೆ ಹೋಯಿತು, ಈ ತುದಿಗೆ ಬಂತು. ಒಂದು ಗಂಟೆ ಹೊತ್ತು ಎಲ್ಲೂ ನಿಲ್ಲಲಿಲ್ಲ. ಬುಟ್ಟಿಯೊಳಗಿನ ಫೋನುಗಳು ಮಾತ್ರ ಒಂದಾದ ಮೇಲೊಂದು ಬಡಿದುಕೊಳ್ಳುತ್ತಿದ್ದವು. ಭಕ್ತಿಗೀತೆ, ಮಗುವಿನ ನಗು, ಕೋಳಿ ಕೂಗು. ಟ್ರಾಲಿ ತಮ್ಮ ಮುಂದೆ ಹಾದಾಗಲೆಲ್ಲ ಹೆಂಗಸರು ಕೆಲಸ ಬಿಟ್ಟು ತಮ್ಮದೇ ಇರಬಹುದೇ ಅಂತ ಕಿವಿಗೊಡುತ್ತಿದ್ದರು. ಒಬ್ಬಾಕೆ ಓಡಿ ಬಂದು, ನಮ್ಮತ್ತೆ ಆಸ್ಪತ್ರೆಯಲ್ಲವ್ರೆ ಎತ್ಕೋಬೋದಾ ಅಂತ ನನ್ನನ್ನು ಕೇಳಿದಳು. ನನ್ನನ್ನೇಕೆ ಕೇಳಬೇಕು? ಅವಳ ಫೋನು, ಅವಳ ಅತ್ತೆ.

ಗಂಟೆ ಮುಗಿದ ಮೇಲೆ ಶಿವಶಂಕರ್ ನನ್ನನ್ನು ಪಕ್ಕಕ್ಕೆ ಕರೆದರು. ರಿಪೋರ್ಟಿನಲ್ಲಿ ಕ್ಯಾಮೆರಾ ಅಂತ ಬರೆಯುವುದು ಬೇಡ, ‘ತಾಂತ್ರಿಕ ಕಾರಣ’ ಅಂತ ಬರೆಯಿರಿ ಅಂದರು. ಮೊಬೈಲಿನ ವಿಷಯ ಎತ್ತಲೇಬೇಡಿ ಅಂದರು.

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ಹಿಂದೆ ನಾನೂ ಅಂಥ ರಿಪೋರ್ಟು ಬರೆದಿದ್ದೇನೆ. ಕಾರಣ ಸಿಗದೆ ಸಂಜೆಯಾದಾಗ ‘ಆಪರೇಟರ್ ತಪ್ಪು’ ಅಂತ ಎರಡು ಪದ ಗೀಚಿ ಸ್ಕೂಟರ್ ಹತ್ತಿದ್ದೇನೆ. ಆ ಎರಡು ಪದ ಆಮೇಲೆ ಯಾರ ಮನೆಗೆ ಹೋಯಿತು ಅಂತ ಒಮ್ಮೆಯೂ ವಿಚಾರಿಸಲಿಲ್ಲ. ಸಿಟ್ಟು ಬಂದದ್ದು ಶಿವಶಂಕರ್ ಒಬ್ಬರ ಮೇಲೆ ಅಂತ ತಿಳಿಯಬೇಡಿ.

ಈ ಸಲ ಪೂರ್ತಿ ಬರೆದೆ. ಟ್ರಾಲಿ ನಿಲ್ಲಲು ಕ್ಯಾಮೆರಾಗಳೇ ಕಾರಣ. ಕೆಲಸಗಾರರ ಮೊಬೈಲುಗಳಿಗೂ ಇದಕ್ಕೂ ಸಂಬಂಧವಿಲ್ಲ. ನಾಗವೇಣಿಯವರ ಫೋನಿನಲ್ಲಿ ವೈಫೈ ಇಲ್ಲ. ಹೆಸರು ಹಾಕಿಯೇ ಬರೆದೆ.

ಮಾಲೀಕರಿಗೆ ಫೋನಿನಲ್ಲಿ ಓದಿ ಹೇಳಿದೆ. ಇದೇ ಊರಿನ ಹಳೆಯ ಒಕ್ಕಲು ಮನೆತನದವರು, ಸ್ವಂತ ಹೊಲದ ಮೇಲೆಯೇ ಕಾರ್ಖಾನೆ ಕಟ್ಟಿದವರು. ಮೊದಲು ಜೋರಾಗಿ ನಕ್ಕರು. ನಾನೇ ನಿಲ್ಲಿಸ್ತಿದ್ನಾ ಅಂತ ಎರಡು ಸಲ ಕೇಳಿದರು. ಒಳ್ಳೆಯವರು ಅಂದುಕೊಂಡೆ. ಕ್ಯಾಮೆರಾಗಳಿಗೆ ಆವತ್ತೇ ಕೇಬಲ್ ಎಳೆಸಲು ಹೇಳಿದರು. ನಾಗವೇಣಿಯ ಮಾತೆತ್ತಿದೆ. ಬರಲಿ, ತೊಂದರೆಯಿಲ್ಲ ಅಂದರು. ನನಗೂ ಜೀವ ಹಗುರಾಯಿತು. ಆಮೇಲೆ ಒಂದು ಸಾಲು ಸೇರಿಸಿದರು.

“ರೂಲ್ಸ್ ಬ್ರೇಕ್ ಮಾಡಿದ್ದಂತೂ ನಿಜ ಅಲ್ವಾ ಮೇಡಂ? ಒಂದು ಕ್ಷಮಾಪಣೆ ಪತ್ರ ಬರ್ಕೊಟ್ಟು ಒಳಗೆ ಬರ್ಲಿ. ಇಲ್ದಿದ್ರೆ ನಾಳೆ ಎಲ್ರೂ ಸಲುಗೆ ತಗೋತಾರೆ.”

ತಪ್ಪು ನಿಯಮ ಮಾಡಿದವರು ಯಾರು, ತಪ್ಪು ಹೊರಿಸಿದವರು ಯಾರು ಅಂತ ಏನೇನೋ ಹೇಳಿದೆ. ದನಿಯೂ ಏರಿತು. ಅವರು ಇನ್ನೊಂದು ಕಾಲ್ ಬರುತ್ತಿದೆ ಅಂತ ಇಟ್ಟುಬಿಟ್ಟರು.

ಹೊರಗೆ ಹೋಗಿ ನಾಗವೇಣಿಗೆ ಎಲ್ಲ ಹೇಳಿದೆ. ಅವಳ ತಪ್ಪಿಲ್ಲ ಅಂತ ರಿಪೋರ್ಟಿನಲ್ಲಿ ಬರೆದದ್ದನ್ನು ಓದಿದೆ. ಇನ್ನೊಂದು ಸಲ ಓದಿ ಅಂದಳು. ಓದಿದೆ. ಕಣ್ಣು ಒರೆಸಿಕೊಂಡಳು. ಆಮೇಲೆ ಪತ್ರದ ವಿಷಯ ಹೇಳಬೇಕಾಯಿತು. ಹೇಳುವಾಗ ನನಗೇ ನಾಚಿಕೆಯಾಯಿತು.

ಅವಳು ಟಿಫಿನ್ ಚೀಲದ ಹಿಡಿಯನ್ನು ತಿರುಚಿದಳು.

“ಬರ್ಯಕ್ಕೆ ಬತ್ತದೆ ಮೇಡಂ, ಏಳ್ನೇ ಕ್ಲಾಸು ಓದಿವ್ನಿ,” ಅಂದಳು. “ಏನಂತ ಬರೀಲಿ? ಮಗೀಗೆ ಉಸಾರಿಲ್ದೆ ಓಗಿದ್ದು ತಪ್ಪಾಯ್ತು ಅಂತ ಬರೀಲಾ?”

ಅವಳು ಪತ್ರ ಬರೆದುಕೊಡಲಿಲ್ಲ. ಅವಳ ಫೋನನ್ನು ಶಿವಶಂಕರ್ ಡ್ರಾಯರಿನಿಂದ ಕೇಳಿ ತಂದುಕೊಟ್ಟೆ. ಅಷ್ಟೇ ನನ್ನ ಕೈಲಾದದ್ದು. ಈಗ ಅದೇ ರಸ್ತೆಯ ಒಂದು ನರ್ಸರಿಯಲ್ಲಿ ಸಸಿ ಕಟ್ಟುವ ಕೆಲಸಕ್ಕೆ ಹೋಗುತ್ತಿದ್ದಾಳೆ. ಅಲ್ಲಿ ಫೋನು ಸೊಂಟದಲ್ಲೇ ಇರುತ್ತದಂತೆ, ಟೀಚರ್ ಕರೆದರೆ ಐದು ನಿಮಿಷದಲ್ಲಿ ಸ್ಕೂಲು ಮುಟ್ಟಬಹುದಂತೆ.

ಕಾರ್ಖಾನೆಯಲ್ಲಿ ಟ್ರಾಲಿ ಚೆನ್ನಾಗಿ ಓಡುತ್ತಿದೆ. ಮಾಲೀಕರು ಅದನ್ನು ಕ್ಯಾಮೆರಾದಲ್ಲಿ ನಿಶ್ಚಿಂತೆಯಿಂದ ನೋಡುತ್ತಿದ್ದಾರೆ. ಬುಟ್ಟಿಯನ್ನು ಮಾತ್ರ ತೆಗೆದಿಲ್ಲ. ಮೊಬೈಲ್ ಕಾರಣವಲ್ಲವೆಂದು ಗೊತ್ತಾದ ಮೇಲೂ ಯಾಕೆ ಅಂತ ಶಿವಶಂಕರ್ ಅವರನ್ನು ಕೇಳಿದೆ. ಅಭ್ಯಾಸ ಆಗಿದೆಯಲ್ಲ ಮೇಡಂ, ಇರಲಿ ಅಂದರು.

ಮಾಲೀಕರೇ, ಯಂತ್ರ ಯಾಕೆ ನಿಂತಿತು ಅಂತ ಕಂಡುಹಿಡಿಯಲು ನನ್ನನ್ನು ಕರೆಸಿದಿರಿ, ಸರಿ. ಕ್ಷಮಾಪಣೆ ಪತ್ರ ಯಾರು ಯಾರಿಗೆ ಬರೆಯಬೇಕು ಅಂತ ಕಂಡುಹಿಡಿಯುವುದಕ್ಕೂ ಎಂಜಿನಿಯರೇ ಬರಬೇಕೇ?